ಮಂಚ ಸುಮ್ಮನಾದಾಗ

ಮನೆಯೊಳಗಿನ ವಸ್ತುಗಳಲ್ಲಿ ಮಾತಾಡುವವು, ಮಾತಾಡದವು ಎಂದು ಎರಡು ಜಾತಿ. ಬಾಗಿಲು, ಫ್ಯಾನು, ಒಲೆಯ ಮೇಲಿನ ಕುಕ್ಕರು, ಮಂಚ ಇವು ಮಾತಾಡುವ ಜಾತಿ. ಕಪಾಟು, ಮೇಜು, ಗೋಡೆಯ ಮೇಲಿನ ಅಜ್ಜನ ಫೋಟೊ ಇವು ಎಲ್ಲವನ್ನೂ ನೋಡಿಯೂ ಸುಮ್ಮನಿರುವ ಜಾತಿ. ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಸಂಪಾದಕ ಮಿತ್ರ ಮೂರು ವಾರದಿಂದ ಬೆನ್ನು ಹತ್ತಿದ್ದಾನೆ. ಪ್ರೇಮ, ಕ್ರಾಂತಿ, ಸಾವು ಈ ಮೂರನ್ನೂ ಉಳಿದವರು ಆಗಲೇ ಹಂಚಿಕೊಂಡುಬಿಟ್ಟಿದ್ದಾರಂತೆ. ನನ್ನ ಪಾಲಿಗೆ ಉಳಿದದ್ದು ಮಂಚ. ಕಿರುಗುಟ್ಟುವ ಮಂಚ ಎಂದೊಡನೆ ಹಾಸ್ಟೆಲಿನ ಗೆಳೆಯರು ಹೇಗೆ ಕಣ್ಣು ಮಿಟುಕಿಸುತ್ತಾರೆಂದು ನನಗೆ ಗೊತ್ತು. ಸ್ನೇಹಿತರೇ, ಅದು ಆ ಮಂಚವಲ್ಲ. ಇದು ನಮ್ಮಜ್ಜಿಯ ಮಂಚ.

ಅಜ್ಜ ತೀರಿಕೊಂಡ ಮೇಲೆ, 2015ರಲ್ಲಿ, ಅಮ್ಮ ತನ್ನ ತಾಯಿಯನ್ನು ತಿ. ನರಸೀಪುರದ ಹತ್ತಿರದ ಹಳ್ಳಿಯಿಂದ ಚೆನ್ನೈಗೆ ಕರೆದುಕೊಂಡು ಬಂದಳು. ಅಜ್ಜಿಯ ಜತೆಗೆ ಲಾರಿಯಲ್ಲಿ ಬಂದದ್ದು ಮೂರೇ ಸಾಮಾನು: ಒಂದು ಟ್ರಂಕು, ಒಂದು ಒರಳುಕಲ್ಲು, ಮದುವೆಯಲ್ಲಿ ಅವಳ ಅಪ್ಪ ಮಾಡಿಸಿಕೊಟ್ಟ ಸಾಗುವಾನಿ ಮಂಚ. ಬೆಸೆಂಟ್ ನಗರದ ನಮ್ಮ ಮನೆ ಹಳೇ ಹೌಸಿಂಗ್ ಬೋರ್ಡ್ ಕಟ್ಟಡದ ಎರಡನೆಯ ಮಹಡಿಯಲ್ಲಿದೆ. ಒರಳನ್ನು ಹತ್ತಿಸಲಾಗದೆ ಮೆಟ್ಟಿಲ ಬುಡದಲ್ಲೇ ಬಿಟ್ಟೆವು. ಈಗ ಅದರಲ್ಲಿ ಬೀದಿನಾಯಿಗಳಿಗೆ ನೀರು ತುಂಬಿಡುತ್ತಾರೆ. ಮಂಚ ಮಾತ್ರ ಬಿಡಿಬಿಡಿಯಾಗಿ ಮೇಲೆ ಬಂತು. ಊರಿನ ಬಡಗಿ ಅದಕ್ಕೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಉದ್ದಪಟ್ಟಿಯ ನಾಲಿಗೆ ಕಾಲಿನ ತೂತಿನೊಳಗೆ ಹೋಗಿ ಕೂತರೆ, ಹೊರಗಿನಿಂದ ಒಂದು ಬೆಣೆ, ಅಷ್ಟೆ. ಸಾಗಿಸಿದವರು ಬಿಚ್ಚುವಾಗ ಬೆಣೆಗಳನ್ನು ಎಲ್ಲೋ ಕಳೆದರು. ಇಲ್ಲಿ ಜೋಡಿಸುವಾಗ ಮೂಲೆಮೂಲೆಗೂ ಕಬ್ಬಿಣದ ಪಟ್ಟಿ ಇಟ್ಟು, ಬೋಲ್ಟು ತಿರುಗಿಸಿ, "ಇನ್ನು ನೂರು ವರ್ಷ ಅಲ್ಲಾಡೋದಿಲ್ಲ" ಎಂದು ಹೇಳಿ ಹೋದರು. ನೂರಕ್ಕೆ ತೊಂಬತ್ತೆರಡು ಕಡಮೆಯಾಯಿತು.

ಬೆಸೆಂಟ್ ನಗರದಲ್ಲಿ ಕಬ್ಬಿಣದ ಆಯುಷ್ಯ ಎಷ್ಟು ಎಂದು ತಿಳಿಯಬೇಕಾದರೆ ಯಾವುದಾದರೂ ಕಿಟಕಿಯ ಸರಳನ್ನು ಮುಟ್ಟಿ ನೋಡಬೇಕು. ಎಲಿಯಟ್ಸ್ ಬೀಚು ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಸಂಜೆ ಗಾಳಿಗೆಂದು ಊರಿನ ಜನವೆಲ್ಲ ಅಲ್ಲಿಗೆ ಬರುತ್ತಾರೆ, ಮರಳಲ್ಲಿ ಕೂತು ಮೆಣಸಿನಕಾಯಿ ಬಜ್ಜಿ ತಿಂದು, ಅಲೆ ಎಣಿಸಿ ಹೋಗುತ್ತಾರೆ. ಅವರು ಹೋದ ಮೇಲೂ ಗಾಳಿ ಇರುತ್ತದೆ. ಅದು ಉಪ್ಪು ಹೊತ್ತುಕೊಂಡು ನಮ್ಮ ಮನೆಗೇ ಬರುತ್ತದೆ. ಸೈಕಲ್ ಚೈನು, ಫ್ರಿಜ್ಜಿನ ಬೆನ್ನು, ಬಾಗಿಲ ಚಿಲಕ, ಅಮ್ಮನ ಹೊಲಿಗೆ ಮೆಷಿನ್ನಿನ ಕಾಲು ಎಲ್ಲದರ ಮೇಲೂ ಕೆಂಪು ಪುಡಿ. ಸಮುದ್ರ ಹತ್ತಿರ ಎಂದು ಮನೆಯ ಯಜಮಾನರು ಹೆಚ್ಚು ಬಾಡಿಗೆ ಕೇಳುತ್ತಾರೆ. ಅದೇ ಸಮುದ್ರ ನಮ್ಮಿಂದ ತುಕ್ಕಿನ ರೂಪದಲ್ಲಿ ಇನ್ನೊಂದು ಬಾಡಿಗೆ ವಸೂಲು ಮಾಡುತ್ತದೆ. ಅಜ್ಜಿಯ ಮಂಚದ ಬೋಲ್ಟುಗಳೂ ಎಂಟು ವರ್ಷ ಈ ಬಾಡಿಗೆ ಕಟ್ಟಿದವು.

ಆಮೇಲೆ 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂತು. 3 ಮತ್ತು 4ನೇ ತಾರೀಖು ಚೆನ್ನೈಯಲ್ಲಿ ಸುರಿದ ಮಳೆ ನೆನಪಿರಬಹುದು. ಎರಡನೆಯ ಮಹಡಿಯಾದ್ದರಿಂದ ನಮ್ಮ ಮನೆ ಮುಳುಗಲಿಲ್ಲ. ಆದರೆ ಗಾಳಿಯ ಹೊಡೆತಕ್ಕೆ ಕಿಟಕಿಯ ಸಂದಿಯಿಂದ ನೀರು ನುಗ್ಗಿ ಕೋಣೆಯ ನೆಲದಲ್ಲಿ ನಿಂತಿತು. ಕರೆಂಟಿಲ್ಲದ ಕತ್ತಲಲ್ಲಿ ನಾವು ಅಜ್ಜಿಯನ್ನು ಹಾಲಿಗೆ ಸಾಗಿಸಿದೆವು, ಪುಸ್ತಕಗಳನ್ನು ಕಪಾಟಿನ ಮೇಲೆ ಏರಿಸಿದೆವು. ಮಂಚದ ಕಾಲುಗಳನ್ನು ಯಾರೂ ನೆನೆಯಲಿಲ್ಲ. ಅವು ನೀರಲ್ಲೇ ನೆನೆದವು.

ಜನವರಿಯಲ್ಲಿ ಮಂಚ ಮಾತು ಶುರುಮಾಡಿತು. ಮೊದಲು ಅಜ್ಜಿ ಕೂತಾಗ ಒಂದು "ಕಿರ್". ಆಮೇಲೆ ಏಳುವಾಗ ಒಂದು "ಕುಂಯ್". ಸಂಕ್ರಾಂತಿ ಕಳೆಯುವ ಹೊತ್ತಿಗೆ ಅವಳು ಮಗ್ಗುಲು ಬದಲಾಯಿಸಿದರೆ ಸಾಕು, ಹಳ್ಳಿಯ ಬಾವಿಯ ರಾಟೆ ತಿರುಗಿದಂತೆ ತಲೆದೆಸೆಯಿಂದ ಕಾಲ್ದೆಸೆಯವರೆಗೆ ಒಂದು ರಾಗ. ಇರುವುದು ಎರಡು ಕೋಣೆ. ಅಪ್ಪ ಅಮ್ಮ ಒಂದರಲ್ಲಿ, ಅಜ್ಜಿ ನಾನು ಇನ್ನೊಂದರಲ್ಲಿ. ಆದ್ದರಿಂದ ಈ ಸಂಗೀತಕ್ಕೆ ನಾನೊಬ್ಬನೇ ಶ್ರೋತೃ.

ನಾನೂ ವೈದ್ಯ ಮಾಡಿದೆ. ಅಡಿಗೆಮನೆಯಿಂದ ಕೊಬ್ಬರಿಎಣ್ಣೆ ತಂದು ಕಂಡಕಂಡ ಸಂದಿಗೆಲ್ಲ ಹೊಯ್ದೆ. ಎರಡು ದಿನ ಮಂಚ ಬಾಯಿ ಮುಚ್ಚಿತು, ಮೂರನೆಯ ದಿನ ಎಣ್ಣೆಗೆ ಧೂಳು ಮೆತ್ತಿ ಅದರ ಕಂಠ ಇನ್ನೂ ಗಡುಸಾಯಿತು, ಮೇಲೆ ಇರುವೆಗಳ ಸಾಲು ಬೇರೆ. ಕಾಲಿನ ಕೆಳಗೆ ಪೇಪರು ಮಡಿಸಿ ತುರುಕಿದೆ. ಮಂಚವನ್ನು ಗೋಡೆಗೆ ಒತ್ತಿ ನೂಕಿದೆ. ಆಗ ಗೋಡೆಯೂ ಮೇಳಕ್ಕೆ ಸೇರಿಕೊಂಡಿತು. ಬೋಲ್ಟು ಬಿಗಿ ಮಾಡೋಣವೆಂದರೆ ಅದರ ತಲೆ ತುಕ್ಕು ಹಿಡಿದು ಸ್ಪ್ಯಾನರಿಗೆ ಸಿಗದೆ ಜಾರಿತು. "ಬಡಗೀನ ಕರೆಸೋ" ಎಂದಳು ಅಮ್ಮ. "ಭಾನುವಾರ" ಎಂದೆ. ಭಾನುವಾರಗಳು ಬಂದವು, ಹೋದವು.

ಫೆಬ್ರವರಿಯ ಒಂದು ರಾತ್ರಿ. ಬೆಳಗಾದರೆ ನನಗೆ ಟೆಸ್ಟು. ಒಂದು ಗಂಟೆಯಾಗಿತ್ತು. ಒಂದೇ ಪುಟವನ್ನು ನಾಲ್ಕನೆಯ ಸಲ ಓದುತ್ತಿದ್ದೆ. ಮಂಚ ಕಿರುಗುಟ್ಟಿತು. ಐದು ನಿಮಿಷಕ್ಕೆ ಮತ್ತೆ ಕಿರುಗುಟ್ಟಿತು. ಪುಸ್ತಕವನ್ನು ರಪ್ಪನೆ ಮುಚ್ಚಿ ಹೇಳಿದೆ:

"ಅಜ್ಜಿ, ಸ್ವಲ್ಪ ಹೊತ್ತು ಅಲ್ಲಾಡದೆ ಮಲಕ್ಕೊಳ್ಳೋಕಾಗಲ್ವಾ ನಿಂಗೆ?"

ಕತ್ತಲಲ್ಲಿ ಒಂದು ಕ್ಷಣ ಏನೂ ಇಲ್ಲ. ಆಮೇಲೆ, "ಆಯ್ತು ಮಗಾ. ಓದ್ಕೋ" ಎಂದಳು.

ಆ ರಾತ್ರಿ ಮಂಚ ಮತ್ತೆ ಸದ್ದು ಮಾಡಲಿಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ಹಗಲು ಅವಳು ಕೂರುವಾಗ ಏಳುವಾಗ ಒಂದಿಷ್ಟು ಕೇಳಿಸುತ್ತಿತ್ತು. ರಾತ್ರಿ ಮಾತ್ರ ನಿಶ್ಶಬ್ದ. ನಾನು ಕಾಲೇಜಿನಲ್ಲಿ ಓದುವ ಬುದ್ಧಿವಂತನಲ್ಲವೇ, ಕಾರಣವನ್ನೂ ಹುಡುಕಿಕೊಂಡೆ: ಮಳೆಯ ತೇವ ಪೂರ್ತಿ ಆರಿ ಮರ ತನ್ನ ಜಾಗಕ್ಕೆ ಬಂದು ಕೂತಿದೆ. "ನೋಡಮ್ಮಾ, ಬಡಗಿಗೆ ಕೊಡೋ ದುಡ್ಡು ಉಳೀತು" ಎಂದು ಜಂಬವನ್ನೂ ಕೊಚ್ಚಿದೆ. ಟೆಸ್ಟಿನಲ್ಲಿ ಮಾರ್ಕೂ ಚೆನ್ನಾಗಿಯೇ ಬಂತು.

ಮಾರ್ಚಿಯ ಒಂದು ಭಾನುವಾರ ಅಮ್ಮ ಅಜ್ಜಿಗೆ ಎಣ್ಣೆ ಹಚ್ಚಿ ನೀರು ಹಾಕಲು ಕೂಡಿಸಿದ್ದಳು. ಬಚ್ಚಲಿನಿಂದ ಅವಳ ಧ್ವನಿ ಏರಿತು. ಅಜ್ಜಿಯ ಎಡಸೊಂಟದ ಮೂಳೆಯ ಮೇಲೆ ಐದು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾಗಿ ಒಂದು ಕೆಂಪು ಕಲೆ. ಬೆರಳಿಂದ ಒತ್ತಿದರೆ ಬೇರೆ ಕಡೆಯ ಚರ್ಮ ಬಿಳಚಿಕೊಂಡು ಮತ್ತೆ ಕೆಂಪಾಗುತ್ತದೆ. ಇದು ಒತ್ತಿದರೂ ಕೆಂಪಾಗಿಯೇ ಇತ್ತು. ಸಂಜೆ ಡಾಕ್ಟರ ಹತ್ತಿರ ಹೋದೆವು. ಅವರು ನೋಡಿ, ಚರ್ಮ ಇನ್ನೂ ಒಡೆದಿಲ್ಲ, ಬೇಗ ಬಂದಿರಿ ಎಂದರು. ಒಂದೇ ಮಗ್ಗುಲಲ್ಲಿ ತಾಸುಗಟ್ಟಲೆ ಮಲಗಿದರೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಓಡುವುದಿಲ್ಲ, ಇದೇ ಮುಂದೆ ಹುಣ್ಣಾಗುತ್ತದೆ, ವಯಸ್ಸಾದವರಲ್ಲಿ ಅದು ಮಾಯುವುದು ಬಹಳ ಕಷ್ಟ ಎಂದು ವಿವರಿಸಿದರು. ಹಾಸಿಗೆ ಹಿಡಿದವರನ್ನಾದರೆ ಎರಡು ಗಂಟೆಗೊಮ್ಮೆ ಹೊರಳಿಸಬೇಕಂತೆ. "ಆದರೆ ಇವರು ಹಾಸಿಗೆ ಹಿಡಿದವರಲ್ಲ, ಓಡಾಡ್ತಾರೆ. ರಾತ್ರಿ ತಾವೇ ಯಾಕೆ ಹೊರಳಲಿಲ್ಲ?" ಎಂದು ಕೇಳಿದರು. ಅಮ್ಮ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು.

ಅಜ್ಜಿ ನನ್ನ ಕಡೆ ನೋಡಲೇ ಇಲ್ಲ. "ಮಂಚ ಕೂಗುತ್ತೆ ಕಣೇ. ಓದೋ ಹುಡುಗ. ಗೋಡೆ ಕಡೆ ತಿರುಗಿ ಮಲಕ್ಕೊಂಡ್ರೆ ಬೆಳಗಾಗೋಗುತ್ತೆ, ಅದಕ್ಕೇನಂತೆ" ಎಂದಳು.

ಎಪ್ಪತ್ತೆಂಟು ವರ್ಷದ ಮುದುಕಿ, ಮೊಣಕಾಲು ನೋವಿನವಳು, ಒಂದು ತಿಂಗಳ ಕಾಲ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಎಡಮಗ್ಗುಲಲ್ಲೇ ಕೊರಡಿನಂತೆ ಬಿದ್ದುಕೊಂಡಿದ್ದಳು. ನಿದ್ದೆ ಮಾಡುತ್ತಿದ್ದಳೋ, ಎಚ್ಚರವಿರುತ್ತಿದ್ದಳೋ! ಮೂರು ಅಡಿ ದೂರದಲ್ಲಿದ್ದ ನನಗೆ ಗೊತ್ತಿರಲಿಲ್ಲ. ಮಂಚ ಸರಿಹೋಯಿತೆಂದು ನಾನು ಸಂತೋಷಪಟ್ಟಿದ್ದೆ. ಮಂಚ ಸರಿಹೋಗಿರಲಿಲ್ಲ. ಅಜ್ಜಿ ನಿಂತುಹೋಗಿದ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆಯಿದೆಯಲ್ಲ. ಅವಳಿಗೆ ಹಾಸಿಗೆಯಿತ್ತು, ಕಾಲೂ ಇತ್ತು, ಚಾಚುವುದಕ್ಕೆ ಮೊಮ್ಮಗನ ಅಪ್ಪಣೆ ಇರಲಿಲ್ಲ.

ಅಂದು ರಾತ್ರಿ ಅಜ್ಜಿಯನ್ನು ಅಮ್ಮನ ಹಾಸಿಗೆಯಲ್ಲಿ ಮಲಗಿಸಿದೆವು. ಬೆಳಗ್ಗೆ ಏಳಕ್ಕೆ ಬಸ್ ನಿಲ್ದಾಣದ ಹಿಂದಿನ ಬೀದಿಗೆ ಹೋಗಿ ಆಚಾರಿಯನ್ನು ಕರೆತಂದೆ. ಅರವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು. ನಾನು ನೇರವಾಗಿ ತಲೆದೆಸೆಯ ಬಲಗಾಲನ್ನು ತೋರಿಸಿ, ಸದ್ದು ಇಲ್ಲಿಂದಲೇ ಬರುವುದು, ಒಂದು ಮೊಳೆ ಹೊಡೆದುಬಿಡಿ ಎಂದು ನನ್ನ ಹರುಕು ತಮಿಳಿನಲ್ಲಿ ಹೇಳಿದೆ. ಅವರು ಚೀಲವನ್ನೇ ಬಿಚ್ಚಲಿಲ್ಲ. "ಮೊದಲ್ಲ ಕೇಳು ತಂಬಿ, ಅಪ್ಪುರಂ ತಟ್ಟು" ಎಂದರು. ಮೊದಲು ಕೇಳು, ಆಮೇಲೆ ತಟ್ಟು.

ಕೇಳು. ತಮಿಳಿಗೂ ಕನ್ನಡಕ್ಕೂ ಆ ಮಾತು ಒಂದೇ. ಎರಡು ಭಾಷೆಯಲ್ಲೂ ಅದಕ್ಕೆ ಎರಡೆರಡು ಅರ್ಥ: ಕಿವಿಗೊಟ್ಟು ಆಲಿಸುವುದೂ ಕೇಳುವುದೇ, ಬಾಯಿಬಿಟ್ಟು ವಿಚಾರಿಸುವುದೂ ಕೇಳುವುದೇ. ನಾನು ಒಂದು ತಿಂಗಳು ಮಂಚದ ಸದ್ದನ್ನು ಕೇಳಿದ್ದೆ, ಇನ್ನೊಂದು ತಿಂಗಳು ಅದರ ಮೌನವನ್ನೂ ಕೇಳಿದ್ದೆ. ಅಜ್ಜಿಯನ್ನು ಮಾತ್ರ ಕೇಳಿರಲಿಲ್ಲ. ಯಾಕೆ ಅಷ್ಟು ಸಲ ಹೊರಳ್ತೀಯ, ಎಲ್ಲಾದರೂ ನೋಯುತ್ತಾ ಎಂದು ಒಂದು ಸಲ ಕೇಳಿದ್ದರೆ ಸಾಕಾಗಿತ್ತು.

ಆಚಾರಿ ಹಾಸಿಗೆ ತೆಗೆಸಿದರು. ನನ್ನನ್ನು ಬರೀ ಹಲಗೆಯ ಮೇಲೆ ಮಲಗಿಸಿ ಹೊರಳು ಎಂದರು. ತಾವು ಒಂದೊಂದು ಮೂಲೆಯಲ್ಲೂ ಕುಕ್ಕರಗಾಲಲ್ಲಿ ಕೂತು ಸಂದಿಯ ಮೇಲೆ ಅಂಗೈ ಇಟ್ಟರು. ಕಿವಿಯನ್ನು ನಂಬಬೇಡ, ಮರ ಸದ್ದನ್ನು ಹೊತ್ತುಕೊಂಡು ಹೋಗುತ್ತದೆ, ಕಾಲ್ದೆಸೆಯಲ್ಲಿ ಹುಟ್ಟಿದ್ದು ತಲೆದೆಸೆಯಲ್ಲಿ ಕೇಳಿಸುತ್ತದೆ. ಎರಡು ತುಂಡು ಎಲ್ಲಿ ಒಂದರ ಮೇಲೊಂದು ಅಲ್ಲಾಡುತ್ತದೋ ಅದು ಕೈಗೆ ಗೊತ್ತಾಗುತ್ತದೆ ಎಂದರು. ಸಿಕ್ಕಿದ್ದು ನಾನು ತೋರಿಸಿದ ಕಾಲಲ್ಲ. ಕಾಲ್ದೆಸೆಯಲ್ಲಿ, ಗೋಡೆಯ ಪಕ್ಕದಲ್ಲಿ, ಯಾರ ಕಣ್ಣಿಗೂ ಬೀಳದ ಮೂಲೆ. ಚಂಡಮಾರುತದ ನೀರು ನಿಂತಿದ್ದ ಜಾಗ.

ಅಲ್ಲಿ ನಡೆದದ್ದು ಇಷ್ಟು. ತೇವ ಕುಡಿದ ಮರ ಉಬ್ಬಿತು. ಬೋಲ್ಟು ಅದನ್ನು ಉಬ್ಬಲು ಬಿಡದೆ ಹಿಡಿದುಕೊಂಡಿದ್ದರಿಂದ ಒಳಗಿನ ನಾರು ಜಜ್ಜಿಹೋಯಿತು. ಒಣಗಿದಾಗ ಮರ ಮೊದಲಿದ್ದುದಕ್ಕಿಂತ ಸಣ್ಣದಾಗಿ ಕುಗ್ಗಿತು. ಸಂದಿ ಬಿಟ್ಟಿತು. ಬಿಟ್ಟ ಸಂದಿಯಲ್ಲಿ ಪಟ್ಟಿ ಕಾಲಿಗೆ ಅಂಟುತ್ತದೆ, ಭಾರ ಹೆಚ್ಚಿದಾಗ ತಟ್ಟನೆ ಜಾರುತ್ತದೆ, ಮತ್ತೆ ಅಂಟುತ್ತದೆ. ಒಂದು ಸೆಕೆಂಡಿಗೆ ನೂರಾರು ಸಲ ಹೀಗೆ ಅಂಟಿ ಜಾರಿದರೆ ಅದೇ ಕಿರುಗು. ಘರ್ಷಣೆಯ ನಿಯಮಗಳನ್ನು ಫ್ರಾನ್ಸಿನ ಅಮೊಂಟೊನ್ಸ್ 1699ರಲ್ಲೇ ಹೇಳಿದ್ದಾನೆ. ನಿಂತ ವಸ್ತುವನ್ನು ಜರುಗಿಸಲು ಬೇಕಾದ ಬಲ ಜಾರುತ್ತಿರುವುದನ್ನು ಜಾರಿಸಲು ಬೇಕಾದ್ದಕ್ಕಿಂತ ಹೆಚ್ಚು ಎಂದು ನಾವು ಪಿ.ಯು.ಸಿ.ಯಲ್ಲಿ ಬಾಯಿಪಾಠ ಮಾಡಿದ್ದೇವೆ. ಪಿಟೀಲಿನ ಕಮಾನಿಗೆ ರಾಳ ಹಚ್ಚುವುದೂ ತಂತಿ ಹೀಗೆ ಅಂಟಿ ಜಾರಲಿ ಎಂದೇ. ನಮ್ಮ ಪಕ್ಕದ ತಿರುವಾನ್ಮಿಯೂರಿನ ಕಲಾಕ್ಷೇತ್ರದಲ್ಲಿ ಸಂಗೀತವೆನಿಸುವುದು ನಮ್ಮ ಕೋಣೆಯಲ್ಲಿ ಕರ್ಕಶವಾಗಿತ್ತು. ವಿಜ್ಞಾನ ಒಂದೇ.

ದುರಸ್ತಿಗೆ ಅರ್ಧ ದಿನ ಹಿಡಿಯಿತು. ತುಕ್ಕುಬೋಲ್ಟುಗಳನ್ನು ಕತ್ತರಿಸಿ ತೆಗೆದು ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿದರು, ತಲೆಯ ಕೆಳಗೆ ಅಗಲವಾದ ವಾಷರು, ಮರದೊಳಕ್ಕೆ ಹೂತುಹೋಗದ ಹಾಗೆ. ಜಜ್ಜಿದ ನಾಲಿಗೆಯನ್ನು ಉಪ್ಪುಕಾಗದದಿಂದ ಉಜ್ಜಿ, ತೆಳ್ಳಗೆ ಸಾಗುವಾನಿಯ ಚಕ್ಕೆ ಸೀಳಿ ಫೆವಿಕಾಲ್ ಹಚ್ಚಿ ಬೆಣೆ ಕೊಟ್ಟರು. ನಾನು ಹೊಯ್ದಿದ್ದ ಕೊಬ್ಬರಿಎಣ್ಣೆಯ ಜಿಗುಟನ್ನು ಕೆರೆದು ತೆಗೆಯಲು ಒಂದು ಗಂಟೆ ಹೋಯಿತು. ಆ ಕೆಲಸ ನನ್ನಿಂದಲೇ ಮಾಡಿಸಿದರು. ಮರಕ್ಕೆ ಎಣ್ಣೆಯಲ್ಲ, ಮೇಣ. ಹಲಗೆಗಳು ಪಟ್ಟಿಯ ಮೇಲೆ ಕೂರುವ ಕಡೆಗೆಲ್ಲ ಮೇಣದಬತ್ತಿ ಉಜ್ಜಿ, ಹಳೇ ಸೈಕಲ್ ಟ್ಯೂಬನ್ನು ಕತ್ತರಿಸಿ ಅಡಿಗೆ ಹಾಕಿದೆವು. ಮೊಸಾಯಿಕ್ ನೆಲದ ತಗ್ಗಿಗೆ ಸರಿಯಾಗಿ ಒಂದು ಕಾಲಿನ ಕೆಳಗೆ ರಬ್ಬರಿನ ಬಿಲ್ಲೆ. ಮಂಚದ ನಾಲ್ಕು ಕಾಲೂ ನೆಲ ಮುಟ್ಟದಿದ್ದರೆ ಎಷ್ಟು ಬಿಗಿ ಮಾಡಿದರೂ ಅದು ತಿರುಚಿಕೊಂಡು ಮತ್ತೆ ಸಡಿಲವಾಗುತ್ತದಂತೆ. ಬೋಲ್ಟನ್ನು ಕೊನೆಗೆ ತಿರುಗಿಸುವಾಗ ನಾನು ಬಲವೆಲ್ಲ ಹಾಕಹೋದೆ. ಆಚಾರಿ ಕೈ ತಡೆದರು. ಅತಿ ಬಿಗಿದರೆ ಮರ ಮತ್ತೆ ಜಜ್ಜುತ್ತದೆ.

ಕೂಲಿ ತೆಗೆದುಕೊಂಡು ಮೆಟ್ಟಿಲಿಳಿಯುವಾಗ ಅವರು ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ, ನಿಮ್ಮ ಮನೆಯಲ್ಲೂ ಒಂದು ಮಂಚ ಇದ್ದೇ ಇರುತ್ತದೆ. ಒಂದು ತಿಂಗಳಾದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಕಾಲು ಸುತ್ತು ತಿರುಗಿಸಬೇಕು. ಆಮೇಲೆ ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು: ಇಲ್ಲಿಯ ಮಳೆ ಮುಗಿದ ಮೇಲೆ ಜನವರಿಯಲ್ಲಿ ಒಂದು ಸಲ, ಇಲ್ಲಿಯವರು ಕತ್ತಿರಿ ಎನ್ನುವ ಮೇ ತಿಂಗಳ ಬಿಸಿಲಲ್ಲಿ ಒಂದು ಸಲ. ಮರ ಉಬ್ಬಿರುವ ಮಳೆಗಾಲದಲ್ಲಿ ಬಿಗಿ ಮಾಡಬಾರದು. ನೆಲ ಒರೆಸುವ ನೀರು ಕಾಲಿನ ಬುಡದಲ್ಲಿ ನಿಲ್ಲಬಾರದು. ಗುಡಿಸುವಾಗ ಮಂಚವನ್ನು ಎಳೆಯಬಾರದು, ಇಬ್ಬರು ಎತ್ತಿಡಬೇಕು. ಒಂದು ಸಲ ಎಳೆದರೆ ನಾಲ್ಕು ಸಂದಿಯೂ ಒಟ್ಟಿಗೆ ಸಡಿಲ. ಗೋಡೆಗೂ ಮಂಚಕ್ಕೂ ನಡುವೆ ಎರಡು ಬೆರಳು ಜಾಗ ಇರಲಿ.

ಆ ರಾತ್ರಿ ಅಜ್ಜಿ ತನ್ನ ಮಂಚಕ್ಕೆ ಹಿಂದಿರುಗಿದಳು. ಕೂತಳು, ಸದ್ದಿಲ್ಲ. ಮಲಗಿದಳು, ಸದ್ದಿಲ್ಲ. ಸಂಶಯ ಪರಿಹಾರಕ್ಕೆಂದು ಬೇಕೆಂದೇ ಎರಡು ಸಲ ಹೊರಳಿದಳು. "ಹೋಯ್ತಲ್ಲೋ ಅದರ ಜೀವ!" ಎಂದು ನಕ್ಕಳು.

ಅಮ್ಮನಿಗೆ ಮಾತ್ರ ಹೊಸ ಚಿಂತೆ. ರಾತ್ರಿ ಅಜ್ಜಿ ಬಚ್ಚಲಿಗೆಂದು ಎದ್ದರೆ ಇಷ್ಟು ದಿನ ಮಂಚವೇ ಕೂಗಿ ಹೇಳುತ್ತಿತ್ತು, ಇನ್ನು ಯಾರು ಹೇಳುತ್ತಾರೆ? ಅವಳ ಮಾತೂ ಸುಳ್ಳಲ್ಲ. ಜಪಾನಿನ ಕ್ಯೋಟೋ ನಗರದಲ್ಲಿ 1603ರಲ್ಲಿ ಕಟ್ಟಿದ ನಿಜೋ ಎಂಬ ಕೋಟೆಯಿದೆ. ಅದರ ಮೊಗಸಾಲೆಯ ಹಲಗೆ ತುಳಿದರೆ ಅಡಿಯ ಕಬ್ಬಿಣದ ಕೊಂಡಿ ಮೊಳೆಗೆ ಉಜ್ಜಿ ಹಕ್ಕಿ ಕೂಗಿದಂತೆ ಕೇಳಿಸುತ್ತದೆ; ಕಳ್ಳಹೆಜ್ಜೆಯವರನ್ನು ಹಿಡಿದುಕೊಡಲೆಂದೇ ಹಾಗಿದೆ ಎಂದು ನಂಬಿಕೆ. ಒಬ್ಬರ ಕಾಟ ಇನ್ನೊಬ್ಬರ ಕಾವಲು. ಅಮ್ಮ ದೇವರಮನೆಯ ಹಿತ್ತಾಳೆ ಗಂಟೆಯನ್ನು ತಂದು ಅಜ್ಜಿಯ ತಲೆದೆಸೆಗೆ ಇಟ್ಟಳು. ಅಜ್ಜಿ ಇವತ್ತಿನವರೆಗೆ ಒಂದು ಸಲವೂ ಅದನ್ನು ಬಾರಿಸಿಲ್ಲ. ಮಕ್ಕಳನ್ನು ಎಬ್ಬಿಸುವುದು ಅವಳ ಜಾಯಮಾನವಲ್ಲ. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಆನಿ ಬೆಸೆಂಟ್ ಸಭೆಗಳಲ್ಲಿ ನಿಂತು ಸ್ವರಾಜ್ಯ ಕೇಳಿದಾಕೆ. ಅದೇ ಹೆಸರಿನ ಊರಲ್ಲಿ ನಮ್ಮಜ್ಜಿ ಮಗ್ಗುಲು ಬದಲಾಯಿಸುವ ಹಕ್ಕನ್ನೂ ಕೇಳಲಿಲ್ಲ.

ಆದ್ದರಿಂದ ಗಂಟೆಯ ಕೆಲಸ ನಾನು ವಹಿಸಿಕೊಂಡೆ. ಕೆಂಪು ಕಲೆ ಮೂರು ವಾರದಲ್ಲಿ ಮಾಸಿತು, ನನ್ನ ಭಯ ಮಾಸಲಿಲ್ಲ. ಏಪ್ರಿಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾಗ ಗಡಿಯಾರ ನೋಡಿ ಎರಡು ಗಂಟೆಗೊಮ್ಮೆ ಕತ್ತಲಿಗೆ ಕೇಳುತ್ತಿದ್ದೆ: "ಅಜ್ಜಿ, ಹೊರಳಿದ್ಯಾ?"

ಹನ್ನೊಂದಕ್ಕೆ, "ಹೂಂ ಮಗಾ" ಎಂದಳು. ಒಂದು ಗಂಟೆಗೆ, "ಹೊರಳ್ದೆ ಕಣೋ" ಎಂದಳು. ಮೂರು ಗಂಟೆಗೆ ಕೇಳಿದಾಗ ಬಳೆಯ ಸದ್ದಾಯಿತು. ಎದ್ದು ಕೂತೇಬಿಟ್ಟಿದ್ದಳು.

"ಆ ಆಚಾರಿ ನಾಳೆ ಬಂದ್ರೆ ಹೇಳು, ಒಂಚೂರು ಮೇಣ ತಂದು ನಿನ್ನ ಬಾಯಿಗೂ ಉಜ್ಜಿಬಿಡ್ಲಿ. ನಿನ್ನ ಸದ್ದಿಗೆ ನಂಗೆ ನಿದ್ದೇನೇ ಇಲ್ಲ!"